8 ವರ್ಷದ ಹುಡುಗ ಕೋರ್ಟಿನಲ್ಲಿ ಸಾಕ್ಷಿ ಹೇಳಬೇಕಂತೆ. ಏನು ಮಾಡೋದು?

ಗಿಡಮರ

ಎಲ್ಲರಿಗೂ ನಮಸ್ಕಾರ. ಇಲ್ಲಿ ವಕೀಲರು, ಟೀಚರ್‌ಗಳು, ಪೊಲೀಸ್ ಇಲಾಖೆಯಲ್ಲಿ ಇದ್ದವರು ಎಲ್ಲ ಇದ್ದೀರಿ. ಅದಕ್ಕೇ ಕೇಳುತ್ತಿದ್ದೇನೆ.

ನಮ್ಮಣ್ಣನ ಮಗನಿಗೆ 8 ವರ್ಷ, ಮೂರನೇ ಕ್ಲಾಸು. ಹೋದ ವರ್ಷ ಅವರ ಬೀದಿಯಲ್ಲಿ ಎರಡು ಮನೆಯವರಿಗೆ ಜಾಗದ ವಿಷಯಕ್ಕೆ ಹೊಡೆದಾಟ ಆಗಿ ಒಬ್ಬರು ತೀರಿಕೊಂಡರು. ಇವನು ಅಲ್ಲೇ ಕಾಂಪೌಂಡ್ ಪಕ್ಕ ಸೈಕಲ್ ಹೊಡೆಯುತ್ತಿದ್ದ. ಎಲ್ಲ ನೋಡಿದ್ದಾನೆ. ಚಾರ್ಜ್‌ಶೀಟಿನಲ್ಲಿ ಸಾಕ್ಷಿಗಳ ಪಟ್ಟಿಯಲ್ಲಿ ಅವನ ಹೆಸರೂ ಇದೆ. ಈಗ ಸೆಷನ್ಸ್ ಕೋರ್ಟಿನಿಂದ ಸಮನ್ಸ್ ಬಂದಿದೆ.

ಅಜ್ಜಿ "ಮಗೂನ ಕೋರ್ಟು ಮೆಟ್ಟಿಲು ಹತ್ತಿಸಬೇಡಿ" ಅಂತ ಅಳುತ್ತಿದ್ದಾರೆ. ಅಣ್ಣ ದಿನಾ ರಾತ್ರಿ ಊಟ ಆದ ಮೇಲೆ ಅವನನ್ನು ಕೂರಿಸಿಕೊಂಡು "ಯಾರು ಮೊದಲು ಹೊಡೆದಿದ್ದು? ಕೈಯಲ್ಲಿ ಏನಿತ್ತು?" ಅಂತ ಬಾಯಿಪಾಠ ಮಾಡಿಸುತ್ತಿದ್ದಾನೆ. ಆರೋಪಿಗೆ ಬೇಲ್ ಸಿಕ್ಕಿದೆ, ಅದೇ ಬೀದಿಯಲ್ಲಿ ಓಡಾಡುತ್ತಾನೆ. ಹುಡುಗ ರಾತ್ರಿ ಎದ್ದು ಕೂರುತ್ತಾನೆ.

ಕಳಿಸಲೇಬೇಕಾ? ದೇವರ ಮೇಲೆ ಪ್ರಮಾಣ ಮಾಡಿಸ್ತಾರಾ? ಆರೋಪಿ ಎದುರಿಗೇ ನಿಲ್ಲಿಸ್ತಾರಾ? ಪೇಪರ್‌ನಲ್ಲಿ ಹೆಸರು ಬಂದರೆ?

ಕರಿಕೋಟು

ಗಿಡಮರ ಅವರೇ, ನಾನು ವಕೀಲ, ಜಾಸ್ತಿ ಕ್ರಿಮಿನಲ್ ಕೇಸುಗಳೇ. ಒಂದೊಂದಾಗಿ ಹೇಳುತ್ತೇನೆ.

ಸಮನ್ಸ್ ಬಂದ ಮೇಲೆ ಸುಮ್ನೆ ಕೂರುವ ಹಾಗಿಲ್ಲ. ಹೋಗದಿದ್ದರೆ ವಾರಂಟ್‌ವರೆಗೆ ಹೋಗಬಹುದು. ವಾಯಿದೆಗೆ ಮೊದಲೇ ಅಣ್ಣ ಹೋಗಿ ಸರ್ಕಾರಿ ವಕೀಲರನ್ನು, ಅಂದರೆ ಪಿಪಿಯವರನ್ನು ನೋಡಲಿ. ಮಗು ನಿಮ್ಮ ಸಾಕ್ಷಿ ಅಲ್ಲ, ಸರ್ಕಾರದ ಸಾಕ್ಷಿ. ಅವನ ವಿಷಯದಲ್ಲಿ ಕೋರ್ಟನ್ನು ಏನೇ ಕೇಳಬೇಕಾದರೂ ಪಿಪಿ ಮೂಲಕ ಕೇಳಿದರೆ ಸಲೀಸು.

ಪ್ರಮಾಣದ ವಿಷಯ. 1969ರ ಪ್ರಮಾಣ ಕಾಯ್ದೆಯಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ವಿನಾಯಿತಿ ಇದೆ. ನಿಜ ಹೇಳಬೇಕು ಅನ್ನುವುದು ಮಗುವಿಗೆ ಗೊತ್ತಿದೆ, ಆದರೆ ಪ್ರಮಾಣ ಅಂದರೆ ಏನೆಂದು ತಿಳಿಯುವ ವಯಸ್ಸಲ್ಲ ಅಂತ ಜಡ್ಜ್‌ಗೆ ಅನಿಸಿದರೆ ಪ್ರಮಾಣ ಇಲ್ಲದೆಯೇ ಸಾಕ್ಷಿ ಬರೆದುಕೊಳ್ಳುತ್ತಾರೆ. ಅದಕ್ಕೂ ಮೊದಲು ಜಡ್ಜ್ ಅವನ ಹತ್ತಿರ ಒಂದಿಷ್ಟು ಮಾತಾಡುತ್ತಾರೆ. ಹೆಸರು, ಶಾಲೆ, ಟೀಚರ್ ಹೆಸರು, ಸುಳ್ಳು ಹೇಳೋದು ಸರಿನಾ ತಪ್ಪಾ ಅಂತ. ಒಂದು ಕೇಸಿನಲ್ಲಿ "ಸುಳ್ಳು ಹೇಳಿದ್ರೆ ಏನಾಗುತ್ತೆ?" ಅಂತ ಕೇಳಿದ್ದಕ್ಕೆ ಹುಡುಗಿಯೊಬ್ಬಳು "ಅಮ್ಮ ಮಾತು ಬಿಡ್ತಾಳೆ" ಅಂದಳು. ಜಡ್ಜ್ ಅದನ್ನು ಹಾಗೇ ಬರೆಸಿದರು, ಸಾಕು ಅಂದರು.

ಸಾಕ್ಷಿ ಹೇಳಲು ಇಷ್ಟೇ ವಯಸ್ಸಾಗಿರಬೇಕು ಅಂತ ನಮ್ಮ ಕಾನೂನಿನಲ್ಲಿ ಇಲ್ಲ. ಪ್ರಶ್ನೆ ಅರ್ಥವಾಗಬೇಕು, ಅದಕ್ಕೆ ತಕ್ಕ ಉತ್ತರ ಕೊಡಲು ಬರಬೇಕು, ಅಷ್ಟೇ. 2025ರ ಫೆಬ್ರವರಿಯಲ್ಲಿ ಮಧ್ಯಪ್ರದೇಶದ ಒಂದು ಕೊಲೆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿತು. ಅಲ್ಲಿ ಸಾಕ್ಷಿ ಹೇಳಿದ್ದು ಸತ್ತವಳ 7 ವರ್ಷದ ಮಗಳು. ಹೈಕೋರ್ಟ್ ಆರೋಪಿಯನ್ನು ಬಿಟ್ಟಿತ್ತು, ಸುಪ್ರೀಂ ಕೋರ್ಟ್ ಶಿಕ್ಷೆಯನ್ನು ಎತ್ತಿಹಿಡಿಯಿತು.

ಹೆಸರು: ಬಾಲ ನ್ಯಾಯ ಕಾಯ್ದೆ 2015ರ 74ನೇ ಕಲಂ ನೋಡಿ. ಬರೀ ಆರೋಪಿ ಮಗು, ಸಂತ್ರಸ್ತ ಮಗು ಅಲ್ಲ, ಅಪರಾಧಕ್ಕೆ ಸಾಕ್ಷಿಯಾದ ಮಗುವಿನ ಹೆಸರು, ಫೋಟೊ, ವಿಳಾಸ, ಶಾಲೆ ಯಾವುದನ್ನೂ ಹಾಕುವ ಹಾಗಿಲ್ಲ. 6 ತಿಂಗಳವರೆಗೆ ಜೈಲು ಇಲ್ಲವೇ 2 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಪೇಪರ್‌ನವರಿಗಿಂತ ನಮ್ಮ ಏರಿಯಾ ವಾಟ್ಸ್ಯಾಪ್ ಗ್ರೂಪಿನವರು ಇದನ್ನು ಓದಬೇಕು.

ಆರೋಪಿ ಎದುರಿಗೆ ಬರುವ ಪ್ರಶ್ನೆಗೆ ಸಂಜೆ ಬರೆಯುತ್ತೇನೆ, ಈಗ ಕೋರ್ಟ್ ಹಾಲ್ ಒಳಗೆ ಹೋಗಬೇಕು.

ನೇರಮಾತು

ಪೋಕ್ಸೊದಲ್ಲಿ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕೇಸುಗಳಲ್ಲಿ, ಪರದೆ ಕಟ್ಟುತ್ತಾರೆ, ಬಾಗಿಲು ಹಾಕಿ ವಿಚಾರಣೆ ಮಾಡುತ್ತಾರೆ. ಅದನ್ನೇ ಕೇಳಿ. ಇಷ್ಟಕ್ಕೆ ಯಾಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳೋದು?

ಸಂಜೆಬಸ್ಸು

ಅಷ್ಟು ಸುಲಭ ಇಲ್ಲ. ನಾನು ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಪೋಕ್ಸೊ ಕೇಸುಗಳಲ್ಲಿ ಮಕ್ಕಳ ಬೆಂಬಲ ವ್ಯಕ್ತಿಯಾಗಿ, ಅಂದರೆ ಕೇಸು ನಡೆಯುವಾಗ ಮಗುವಿನ ಜೊತೆಗಿದ್ದು ನೆರವಾಗುವವಳಾಗಿ/ನಾಗಿ ಕೆಲಸ ಮಾಡುತ್ತೇನೆ.

2012ರ ಪೋಕ್ಸೊ ಕಾಯ್ದೆ ಮಗುವಿನ ಪರವಾಗಿ ಎಲ್ಲವನ್ನೂ ಬರೆದಿಟ್ಟಿದೆ. ಹೇಳಿಕೆ ಪಡೆಯಲು ಪೊಲೀಸರು ಯೂನಿಫಾರಂ ಇಲ್ಲದೆ ಮನೆಗೆ ಬರಬೇಕು. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಮಗು ಆರೋಪಿಯನ್ನು ನೋಡಬಾರದು, ಆದರೆ ಆರೋಪಿಗೆ ಮಗುವಿನ ಮಾತು ಕೇಳಿಸಬೇಕು. ವಕೀಲರು ಪ್ರಶ್ನೆಯನ್ನು ಜಡ್ಜ್‌ಗೆ ಕೊಡಬೇಕು, ಜಡ್ಜ್ ಮಗುವನ್ನು ಕೇಳಬೇಕು. ಪದೇ ಪದೇ ಕರೆಸಬಾರದು. 2020ರ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ನನ್ನಂಥವರನ್ನು ಜೊತೆಗೆ ಹಾಕುತ್ತದೆ. ಅಪ್ಪ ಅಮ್ಮ ಕೇಳಿದರೆ ಮಾತ್ರ ಅಂತಲ್ಲ, ಹಾಕಲೇಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕೊಲೆ ನೋಡಿದ ಮಗುವಿಗೆ? ಅವನಿಗೆ ಇಂಥ ಪ್ರತ್ಯೇಕ ಕಾಯ್ದೆ ಇಲ್ಲ. ಆದರೆ ಕೈ ಬರಿದೂ ಅಲ್ಲ. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಹೈಕೋರ್ಟ್‌ಗಳಿಗೂ ದುರ್ಬಲ ಸಾಕ್ಷಿಗಳಿಗೆ (ಮಕ್ಕಳ ಹಾಗೆ ಕೋರ್ಟಿನಲ್ಲಿ ವಿಶೇಷ ಕಾಳಜಿ ಬೇಕಾದವರಿಗೆ) ನಿಯಮ ಮಾಡಿ, ಪ್ರತಿ ಜಿಲ್ಲೆಯಲ್ಲೂ ಕನಿಷ್ಠ ಒಂದು ಸಾಕ್ಷ್ಯ ಕೇಂದ್ರ ತೆರೆಯಿರಿ ಅಂದಿತು. 18 ತುಂಬದ ಸಾಕ್ಷಿ ಯಾವ ಕೇಸಿನವನೇ ಆಗಿರಲಿ, ದುರ್ಬಲ ಸಾಕ್ಷಿಯೇ. ಪ್ರತ್ಯೇಕ ರೂಮು, ಅಲ್ಲಿಂದ ಕೋರ್ಟಿಗೆ ವಿಡಿಯೊ ಲಿಂಕು. ನಿಮ್ಮ ಜಿಲ್ಲಾ ಕೋರ್ಟಿನಲ್ಲಿ ಅದು ಎಲ್ಲಿದೆ, ಬೀಗದ ಕೈ ಯಾರ ಹತ್ತಿರ ಇದೆ ಅಂತ ಈಗಲೇ ವಿಚಾರಿಸಿ. ತಮಾಷೆ ಅಲ್ಲ. ಬೀಗದ ಕೈ ಹುಡುಕುವುದರಲ್ಲೇ ಅರ್ಧ ದಿನ ಹೋಗಿದ್ದನ್ನು ನೋಡಿದ್ದೇನೆ.

ಇನ್ನೊಂದು. ದಯವಿಟ್ಟು ಅಣ್ಣನಿಗೆ ಆ ಬಾಯಿಪಾಠ ಇವತ್ತೇ ನಿಲ್ಲಿಸಲು ಹೇಳಿ.

ಯಾಕೆ ಅಂತ ಹೇಳುತ್ತೇನೆ. ಪಾಟೀ ಸವಾಲಿನಲ್ಲಿ ಆರೋಪಿ ವಕೀಲರು ಮೊದಲು ಕೇಳೋದೇ "ಅಪ್ಪ ಮನೇಲಿ ಹೇಳಿಕೊಟ್ಟಿದ್ದಾರೆ ಅಲ್ವಾ ಪುಟ್ಟ?" ಅಂತ. ನಮ್ಮ ಮಕ್ಕಳು ದೊಡ್ಡವರು ತಲೆ ಆಡಿಸುತ್ತಾ ಏನು ಕೇಳಿದರೂ "ಹೂಂ" ಅನ್ನುತ್ತಾರೆ, ಶಾಲೆಯಲ್ಲಿ ಅದೇ ಅಭ್ಯಾಸ. ಅದು ಬರೆದುಕೊಂಡ ಕಾಗದದಲ್ಲಿ "ನನಗೆ ತಂದೆ ಹೇಳಿಕೊಟ್ಟಿದ್ದಾರೆ ಎಂದರೆ ಸರಿ" ಅಂತ ಆಗುತ್ತದೆ. ಒಬ್ಬ ಹುಡುಗನ ಕೇಸಿನಲ್ಲಿ ಹೀಗೇ ಆದಾಗ ಪಿಪಿ ಮೇಡಂ ಚುರುಕಾಗಿದ್ದರು. ಎದ್ದು ನಿಂತು ಮರುವಿಚಾರಣೆಯಲ್ಲಿ "ಏನು ಹೇಳಿಕೊಟ್ರು ಮರಿ?" ಅಂದರು. ಅವನು "ಹೆದರ್ಕೋಬೇಡ, ಇದ್ದಿದ್ದು ಇದ್ದಂಗೆ ಹೇಳು ಅಂದ್ರು" ಅಂದ. ಅಲ್ಲಿಗೆ ಅದು ಮುಗಿಯಿತು. ನಿಮ್ಮ ಹುಡುಗನಿಗೆ ಅಪ್ಪ ನಿಜಕ್ಕೂ ಪ್ರಶ್ನೋತ್ತರ ಕಲಿಸಿದ್ದರೆ ಅವನು ಅದನ್ನೂ ಹೇಳುತ್ತಾನೆ. ಮಕ್ಕಳು ಹಾಗೇ.

ಅವನು ಕಂಡಿದ್ದು ನೂರಕ್ಕೆ ನೂರು ನಿಜವೇ ಇರಬಹುದು. ದಿನಾ ತಿದ್ದಿ ತಿದ್ದಿ ಹೇಳಿಸಿದರೆ ಅವನ ಮಾತು ಹೋಗಿ ಅಪ್ಪನ ಮಾತು ಬರುತ್ತದೆ. "ದೊಣ್ಣೆ" ಅನ್ನುವ ಮಗು "ಆಯುಧ" ಅಂದರೆ ಯಾರಿಗಾದರೂ ಅನುಮಾನ ಬರಲ್ವಾ?

ಗಿಡಮರ

ಅಯ್ಯೋ. "ಮಾರಕಾಸ್ತ್ರ" ಅಂತ ಕಲಿಸಿಬಿಟ್ಟಿದ್ದಾನೆ. ಫೋನ್ ಮಾಡುತ್ತೇನೆ ಈಗಲೇ.

ಹಾಗಾದರೆ ತಯಾರಿ ಅಂತ ಏನೂ ಮಾಡಬಾರದಾ?

ಸಂಜೆಬಸ್ಸು

ಮಾಡಬೇಕು. ಉತ್ತರದ ತಯಾರಿ ಬೇಡ, ಜಾಗದ ತಯಾರಿ ಬೇಕು.

ನಾನು ಮಕ್ಕಳನ್ನು ವಾಯಿದೆಗೆ ಮೊದಲು ಒಂದು ದಿನ ಸಂಜೆ, ಕೋರ್ಟ್ ಎದ್ದ ಮೇಲೆ, ಸಿಬ್ಬಂದಿಗೆ ಹೇಳಿ ಖಾಲಿ ಹಾಲ್‌ಗೆ ಕರೆದುಕೊಂಡು ಹೋಗುತ್ತೇನೆ. ಜಡ್ಜ್ ಇಲ್ಲಿ ಕೂರುತ್ತಾರೆ, ಟೈಪ್ ಮಾಡುವ ಅಕ್ಕ ಇಲ್ಲಿ, ನೀನು ಇಲ್ಲಿ, ಅಮ್ಮ ಅಲ್ಲಿ. ಬಾತ್‌ರೂಮ್ ಯಾವ ಕಡೆ ಅಂತ ತೋರಿಸೋದು ಎಲ್ಲಕ್ಕಿಂತ ಮುಖ್ಯ. ಮಕ್ಕಳು ಮೈಕ್ ಮುಟ್ಟಿ ನೋಡುತ್ತಾರೆ, ಕಟಕಟೆ ಒಳಗೆ ಹೋಗಿ ಬರುತ್ತಾರೆ. ಮಾರನೇ ದಿನದ ಭಯ ಅರ್ಧ ಅಲ್ಲೇ ಇಳಿಯುತ್ತದೆ.

ಆಮೇಲೆ ಮೂರು ಮಾತು ಅಭ್ಯಾಸ ಮಾಡಿಸುತ್ತೇನೆ: "ಗೊತ್ತಿಲ್ಲ", "ನೆನಪಿಲ್ಲ", "ಇನ್ನೊಂದ್ಸಲ ಹೇಳಿ". ಕೇಸಿನ ವಿಷಯದಲ್ಲಿ ಅಲ್ಲ, ಸುಮ್ನೆ ಆಟದಲ್ಲಿ. "ನಿಮ್ಮ ಹೆಡ್‌ಮಾಸ್ಟರ್ ಮನೆ ನಾಯಿ ಹೆಸರೇನು?" ಅಂತ ಕೇಳಿದರೆ ತುಂಬ ಮಕ್ಕಳು ಏನೋ ಒಂದು ಹೆಸರು ಹೇಳಿಬಿಡುತ್ತಾರೆ. ಗೊತ್ತಿಲ್ಲ ಅನ್ನಬಹುದು, ಯಾರೂ ಬೈಯಲ್ಲ ಅಂತ ಅವರಿಗೆ ಯಾರೂ ಹೇಳಿಯೇ ಇರುವುದಿಲ್ಲ.

ಒಬ್ಬಳು_ಅಮ್ಮ

ತುಂಬ ದಿನದಿಂದ ಇಲ್ಲಿ ಓದುತ್ತೇನೆ, ಬರೆದಿದ್ದು ಕಮ್ಮಿ. ಊರು, ಕೋರ್ಟು ಯಾವುದೂ ಹೇಳಲ್ಲ. ನನ್ನ ಮಗಳ ಕೇಸು ಪೋಕ್ಸೊ. ಅವಳಿಗೆ ಆಗ 11.

ಮೊದಲನೇ ಸಲ 11 ಗಂಟೆಗೆ ಬನ್ನಿ ಅಂದರು. ಕಾರಿಡಾರಿನಲ್ಲಿ ಒಂದೇ ಕಲ್ಲು ಬೆಂಚು. ಈ ತುದಿಯಲ್ಲಿ ನಾವು, ಆ ತುದಿಯಲ್ಲಿ ಆರೋಪಿಯ ಅಮ್ಮ, ಅಕ್ಕ. ಮಧ್ಯಾಹ್ನ ಅವನ ಅಕ್ಕ ಬಿಸ್ಕತ್ ಪ್ಯಾಕೆಟ್ ಒಡೆದು "ತಗೋ ಪುಟ್ಟಿ, ಹಸಿವಾಗಿಲ್ವಾ?" ಅಂದಳು. ನನ್ನ ಮಗಳು ನನ್ನ ಮುಖ ನೋಡಿದಳು. ತಗೊಳ್ಳಬೇಕಾ ಬೇಡವಾ ಅಂತ. ಆವತ್ತು ಅವಳು ನೀರೂ ಕುಡಿಯಲಿಲ್ಲ. ಯಾಕೆ ಅಂತ ಮನೆಗೆ ಹೋದ ಮೇಲೆ ಹೇಳಿದಳು, ಬಾತ್‌ರೂಮಿಗೆ ಹೋಗಬೇಕಾದರೆ ಅವರ ಮುಂದೆ ದಾಟಿ ಹೋಗಬೇಕಿತ್ತು. ಸಂಜೆ ನಾಲ್ಕೂವರೆಗೆ ಕೂಗಿದರು. ಅವನ ವಕೀಲರು ಬೇರೆ ಕೋರ್ಟಿನಲ್ಲಿದ್ದಾರೆ, ಮುಂದಿನ ವಾಯಿದೆ ಅಂದರು.

ಪರದೆ, ಪ್ರತ್ಯೇಕ ರೂಮು ಎಲ್ಲ ಕಾನೂನಿನಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ. ಯಾರೂ ತಾವಾಗಿ ಹೇಳಲೂ ಇಲ್ಲ.

ಮುಂದಿನ ಸಲಕ್ಕೆ ಕಲ್ಯಾಣ ಸಮಿತಿಯಿಂದ ಬೆಂಬಲ ವ್ಯಕ್ತಿಯೊಬ್ಬರು ಬಂದಿದ್ದರು. ಅವರು ಮೊದಲೇ ಪಿಪಿಯವರಿಂದ ಬರೆದು ಕೊಡಿಸಿದರು: ಮಗುವನ್ನು ಕಾರಿಡಾರಿನಲ್ಲಿ ಕೂರಿಸಬಾರದು, ದಿನದ ಮೊದಲ ಕೇಸಾಗಿ ತೆಗೆದುಕೊಳ್ಳಬೇಕು, ಪರದೆ ಬೇಕು. ನಮ್ಮನ್ನು ಸಿಬ್ಬಂದಿ ರೂಮಿನಲ್ಲಿ ಕೂರಿಸಿದರು. ಪರದೆ ಅಂದರೆ ಹಸಿರು ಬಟ್ಟೆ, ಎರಡು ಸ್ಟ್ಯಾಂಡಿಗೆ ಕಟ್ಟಿದ್ದರು, ಒಂದು ಕಡೆ ಪಿನ್ ಹಾಕಿದ್ದರು. ಕೆಲಸ ಆಯಿತು. ಜಡ್ಜ್ ಮೇಲಿಂದ ಇಳಿದು ಬಂದು ಕುರ್ಚಿಯಲ್ಲಿ ಅವಳ ಮಟ್ಟಕ್ಕೆ ಕೂತರು. ಮಧ್ಯೆ ಒಂದು ಸಲ ಅವನ ವಕೀಲರು ಅವಳ ಬಟ್ಟೆ ಬಗ್ಗೆ ಏನೋ ಕೇಳಲು ಹೋದಾಗ "ಆ ಪ್ರಶ್ನೆ ನಾನು ಕೇಳಲ್ಲ, ಮುಂದೆ ಹೋಗಿ" ಅಂದರು.

ಅದೇ ಕಟ್ಟಡ, ಅದೇ ಜಡ್ಜ್, ಅದೇ ವಕೀಲರು. ಬದಲಾಗಿದ್ದು ಆ ಒಂದು ಹಾಳೆ ಅರ್ಜಿ ಮಾತ್ರ.

ವಿಚಾರಣೆ ಆದಷ್ಟು ಒಂದು ವರ್ಷದೊಳಗೆ ಮುಗಿಯಬೇಕು ಅಂತ ಇದೆಯಂತೆ. ನಮ್ಮದು ಅದನ್ನು ಎಂದೋ ದಾಟಿತು. ಈ ನಡುವೆ "ರಾಜಿ ಮಾಡ್ಕೊಳ್ಳಿ, ಹೆಣ್ಮಗು, ನಾಳೆ ಮದುವೆ ಆಗಬೇಕು" ಅಂತ ಮನೆಗೆ ಬಂದವರಲ್ಲಿ ನಮ್ಮ ಕಡೆಯ ಹಿರಿಯರೇ ಜಾಸ್ತಿ.

ಕರಿಕೋಟು

ಅಮ್ಮಾ, ನೀವು ಬರೆದಿದ್ದಕ್ಕೆ ಧನ್ಯವಾದ. ರಾಜಿ ವಿಷಯ ಎಲ್ಲರಿಗೂ ತಿಳಿಯಲಿ ಅಂತ ಹೇಳುತ್ತೇನೆ: ರಾಜಸ್ಥಾನದ ಶಾಲಾ ಹುಡುಗಿಯ ಕೇಸೊಂದರಲ್ಲಿ, ಎರಡೂ ಕಡೆ ರಾಜಿ ಆಗಿದೆ ಅಂತ ಹೈಕೋರ್ಟ್ ಎಫ್‌ಐಆರ್ ರದ್ದು ಮಾಡಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಮನೆಗೆ ಬರುವ ಹಿರಿಯರಿಗೆ ಇದನ್ನು ತೋರಿಸಿ ಕಾಫಿ ಕೊಟ್ಟು ಕಳಿಸಬಹುದು.

ಗಿಡಮರ, ನಿಮ್ಮ ಉಳಿದ ಪ್ರಶ್ನೆ. ಕೊಲೆ ಕೇಸು ತೆರೆದ ಕೋರ್ಟಿನಲ್ಲಿ ನಡೆಯುವುದೇ ರೂಢಿ. ಆದರೆ ಹೊರಗಿನವರನ್ನು ಆಚೆ ಕಳಿಸುವ ಅಧಿಕಾರ ಜಡ್ಜ್‌ಗೆ ಇದೆ. ಪರದೆ ಅಥವಾ ವಿಡಿಯೊ ಲಿಂಕು, ಮೊದಲ ಕೇಸಾಗಿ ತೆಗೆದುಕೊಳ್ಳುವುದು, ಪಕ್ಕದಲ್ಲಿ ಅಮ್ಮ, ಮಧ್ಯೆ ಬಿಡುವು, ಇಷ್ಟನ್ನು ಪಿಪಿ ಮೂಲಕ ಬರೆದು ಕೇಳಿ. ಬಾಯಲ್ಲಿ ಹೇಳಿದ್ದು ಬಾಯಲ್ಲೇ ಉಳಿಯುತ್ತದೆ. ವಾಯಿದೆ ದಿನ ಬೆಳಿಗ್ಗೆ ಹೋಗಿ ಕೇಳಿದರೆ "ಇವತ್ತು ಹೇಗಾಗುತ್ತೆ?" ಅನ್ನುತ್ತಾರೆ.

ಬೀದಿಯಲ್ಲಿ ಆರೋಪಿ ಹೆದರಿಸಿದರೆ, ಸನ್ನೆ ಮಾಡಿದರೂ ಸರಿ, ಬರೆದಿಟ್ಟುಕೊಳ್ಳಿ. ಸಾಕ್ಷಿಯನ್ನು ಬೆದರಿಸಿದರೆ ಬೇಲ್ ರದ್ದು ಮಾಡಲು ಕೇಳಬಹುದು. 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯೂ ಇದೆ, ಅರ್ಜಿ ಹೋಗುವುದು ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಿರುವ ಸಮಿತಿಗೆ.

ನೇರಮಾತು

ಸರಿ, ಮಕ್ಕಳ ಕಷ್ಟ ಒಪ್ಪುತ್ತೇನೆ. ಆದರೆ ಆರೋಪಿಯೂ ಮನುಷ್ಯನೇ. ಪ್ರಶ್ನೆ ಕೇಳುವ ಹಕ್ಕನ್ನೇ ಕಿತ್ತುಕೊಂಡರೆ ಹೇಗೆ? ಇನ್ನು 17ರ ಹುಡುಗಿ, 19ರ ಹುಡುಗ ಓಡಿಹೋದರೆ ಅದೂ ಪೋಕ್ಸೊ. ಆ ಹುಡುಗನ ಜೀವನ?

ಕರಿಕೋಟು

ನಾನು ಆರೋಪಿಗಳ ಪರವೂ ನಿಲ್ಲುತ್ತೇನೆ, ಆದ್ದರಿಂದ ಹೇಳಬಲ್ಲೆ. ಜಡ್ಜ್ ಮೂಲಕ ಕೇಳಿದರೂ ಪ್ರಶ್ನೆ ಪ್ರಶ್ನೆಯೇ. ಸಮಯ, ಜಾಗ, ಬೆಳಕು, ದೂರ, ಮೊದಲಿನ ಹೇಳಿಕೆಗೂ ಈಗಿನದಕ್ಕೂ ಇರುವ ವ್ಯತ್ಯಾಸ, ಎಲ್ಲ ಕೇಳಬಹುದು. ಹೋಗುವುದು ಗದರುವ ದನಿ ಒಂದೇ. ಗದರಿಸಿ ಪಡೆದ "ಹೂಂ"ನಿಂದ ನನ್ನ ಕಕ್ಷಿದಾರ ಬಿಡುಗಡೆಯಾದರೆ ಅದು ನನ್ನ ಜಾಣತನ ಅಂತ ನನಗೆ ಅನಿಸುವುದಿಲ್ಲ. ಇದನ್ನು ಒಪ್ಪದ ಗೆಳೆಯರು ನನಗೆ ಇದ್ದಾರೆ.

ಓಡಿಹೋದವರ ವಿಷಯದಲ್ಲಿ ನಿಮ್ಮ ಮಾತಿನಲ್ಲಿ ಹುರುಳಿದೆ. 2022ರ ನವೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠವೇ ಒಪ್ಪಿಗೆಯ ವಯಸ್ಸಿನ ಬಗ್ಗೆ ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ವರದಿಯಲ್ಲಿ ವಯಸ್ಸು 18ರಿಂದ ಇಳಿಸುವುದು ಬೇಡ, 16ರಿಂದ 18ರ ನಡುವಿನವರು ಒಪ್ಪಿ ಕೂಡಿದ್ದಲ್ಲಿ ಶಿಕ್ಷೆ ವಿಧಿಸುವಾಗ ಜಡ್ಜ್‌ಗೆ ವಿವೇಚನೆ ಇರಲಿ ಅಂದಿತು. ನನಗೆ ಅದು ಸಾಲದು ಅನಿಸುತ್ತದೆ. ಆದರೆ 8 ವರ್ಷದ ಮಗುವಿನ ಪರದೆಗೂ ಈ ವಾದಕ್ಕೂ ಗಂಟು ಹಾಕಬೇಡಿ.

ಸೀಮೆಸುಣ್ಣ

ನಾನು ಹೈಸ್ಕೂಲ್ ಟೀಚರ್. ಆರೋಪಿ ಮಗುವಿನ ಬಗ್ಗೆ ಯಾರೂ ಮಾತಾಡಲಿಲ್ಲ ಅಲ್ವಾ? ನನ್ನ ಕ್ಲಾಸಿನ ಹುಡುಗ, 16 ವರ್ಷ, ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ಕದ್ದ ಅಂತ ಹಿಡಿದಿದ್ದಾರೆ. ಶಾಲೆಯ ಆಡಳಿತದವರು ಟಿಸಿ ಕೊಟ್ಟು ಕಳಿಸೋಣ ಅನ್ನುತ್ತಿದ್ದಾರೆ. ಇವನಿಗೆ ಮುಂದೆ ಪೊಲೀಸ್ ವೆರಿಫಿಕೇಷನ್‌ನಲ್ಲಿ ತೊಂದರೆ ಆಗುತ್ತಾ?

ಖಾಕಿ_ಕಳಚಿದವ

ಮೇಡಂ, ನಾನು ಎಎಸ್‌ಐ ಆಗಿ ನಿವೃತ್ತನಾದವನು. ಬಾಲ ನ್ಯಾಯ ಕಾಯ್ದೆ ಪ್ರಕಾರ ಹುಡುಗನನ್ನು ಲಾಕಪ್‌ಗೆ ಹಾಕುವ ಹಾಗಿಲ್ಲ, ಕೋಳ ತೊಡಿಸುವ ಹಾಗಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು. ಮಂಡಳಿ ಅಂದರೆ ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರು ಹೆಂಗಸು. ಇಂಥ ಸಣ್ಣ ಕೇಸಿನಲ್ಲಿ ಎಫ್‌ಐಆರ್ ಕೂಡ ಹಾಕಬೇಕಿಲ್ಲ. ದಿನಚರಿಯಲ್ಲಿ ಬರೆದು, ಮನೆ ಪರಿಸ್ಥಿತಿಯ ವರದಿ ಮಾಡಿ ಮಂಡಳಿಗೆ ಕಳಿಸಬೇಕು.

ಆಗೋದೇನು ಅಂತಲೂ ಹೇಳಬೇಕಲ್ವಾ. ಪ್ರತಿ ಠಾಣೆಯಲ್ಲೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಗೋಡೆ ಮೇಲೆ ಹೆಸರಿನ ಬೋರ್ಡ್ ಇರುತ್ತೆ. ಆ ಅಧಿಕಾರಿ ಜಾತ್ರೆ ಬಂದೋಬಸ್ತ್‌ಗೆ ಹೋಗಿರುತ್ತಾರೆ. ಹುಡುಗ ಸಂಜೆವರೆಗೆ ಬರಹಗಾರರ ಮೇಜಿನ ಪಕ್ಕ ನೆಲದ ಮೇಲೆ ಕೂತಿರುತ್ತಾನೆ. ಲಾಕಪ್ ಒಳಗೆ ಹಾಕಿಲ್ಲವಲ್ಲ, ಕಾಗದದಲ್ಲಿ ಎಲ್ಲ ಸರಿ.

ಒಂದು ಎಚ್ಚರ. ನಿಮ್ಮ ಶಾಲೆಗೆ ಹುಟ್ಟಿದ ದಿನಾಂಕ ಕೇಳಿ ಪತ್ರ ಬರುತ್ತದೆ. ವಯಸ್ಸು ತೀರ್ಮಾನಿಸಲು ಮೊದಲು ನೋಡುವುದೇ ಶಾಲೆಯ ದಾಖಲೆ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿ ಇಲ್ಲವೇ ಮುನಿಸಿಪಾಲಿಟಿ ಜನನ ಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ನಮ್ಮ ಕಡೆ ಅರ್ಧ ಊರಿನ ಹುಟ್ಟುಹಬ್ಬ ಜೂನ್ 1. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದದ್ದು. 18ರ ಅಂಚಿನಲ್ಲಿರುವ ಹುಡುಗನಿಗೆ ಆ ಒಂದು ಸಾಲಿನ ಮೇಲೆ ಬಾಲ ಮಂಡಳಿಯೋ ದೊಡ್ಡವರ ಜೈಲೋ ಅನ್ನುವುದು ನಿಂತಿರುತ್ತದೆ.

ಕರಿಕೋಟು

ಇದಕ್ಕೆ ನನ್ನದು ಎರಡು ಮಾತು. ಕಳ್ಳತನಕ್ಕೆ ಗರಿಷ್ಠ ಶಿಕ್ಷೆ 3 ವರ್ಷ, ಹಾಗಾಗಿ ಬಾಲ ನ್ಯಾಯದ ಲೆಕ್ಕದಲ್ಲಿ ಇದು ಸಣ್ಣ ಅಪರಾಧ. ಮಂಡಳಿ 4 ತಿಂಗಳಲ್ಲಿ ಮುಗಿಸಬೇಕು, ಬೇಕಾದರೆ ಇನ್ನೆರಡು ತಿಂಗಳು. ಅಷ್ಟರಲ್ಲೂ ಮುಗಿಯದಿದ್ದರೆ ಕೇಸು ಅಲ್ಲಿಗೇ ಮುಕ್ತಾಯ. ಇನ್ನು 24ನೇ ಕಲಂ ಪ್ರಕಾರ ತಪ್ಪು ಮಾಡಿದ್ದಾನೆ ಅಂತ ಮಂಡಳಿ ಹೇಳಿದರೂ ಅದು ಮುಂದೆ ಅವನ ಕೆಲಸಕ್ಕೆ ಅಡ್ಡ ಬರಬಾರದು. ಮುಗಿದ ಕೇಸನ್ನು ಪೊಲೀಸರು ನಡತೆ ಪತ್ರಕ್ಕಾಗಿ ತೆಗೆದು ಹೇಳುವ ಹಾಗೂ ಇಲ್ಲ.

ಟಿಸಿ ಕೊಡದಂತೆ ನೋಡಿಕೊಳ್ಳಿ ಮೇಡಂ. ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಆಫೀಸರ್) ಹುಡುಗನ ಬಗ್ಗೆ ವರದಿ ಬರೆಯಲು ಬರುತ್ತಾರೆ. "ಶಾಲೆ ಇಟ್ಟುಕೊಳ್ಳಲು ಒಪ್ಪಿದೆ" ಅನ್ನುವ ಸಾಲು ಅದರಲ್ಲಿ ಇದ್ದರೆ ಬೇಲ್‌ಗೂ ಅನುಕೂಲ, ಕೊನೆಯ ಆದೇಶಕ್ಕೂ ಅನುಕೂಲ.

ಸೀಮೆಸುಣ್ಣ

ನಾಳೆ ಹೆಡ್‌ಮಾಸ್ಟರ್ ಹತ್ತಿರ ಈ ಕಲಂ ಹಿಡಿದುಕೊಂಡೇ ಹೋಗುತ್ತೇನೆ.

ಗಿಡಮರ

ಪಿಪಿಯವರನ್ನು ನೋಡಿ ಬಂದೆವು. ಅರ್ಜಿ ಹಾಕುತ್ತೇನೆ ಅಂದರು. ಸಾಕ್ಷ್ಯ ಕೇಂದ್ರ ನಮ್ಮ ಕೋರ್ಟಿನಲ್ಲೂ ಇದೆಯಂತೆ. ಅಣ್ಣ ಈಗ ರಾತ್ರಿ ಅವನ ಜೊತೆ ಕೇರಂ ಆಡುತ್ತಾನೆ. ಕೈ ಸುಮ್ಮನಿರಲ್ಲ, ಬಾಯಿ ಮಾತ್ರ ಕಟ್ಟಿಕೊಂಡಿದ್ದಾನೆ.

ಕೊನೇ ಪ್ರಶ್ನೆ. ಆವತ್ತಿನ ಶಾಲೆ ರಜಕ್ಕೆ ಏನಂತ ಬರೆಯೋದು? ಓಡಾಟದ ಖರ್ಚು ಕೊಡ್ತಾರಾ? ನಿದ್ದೆ ಇನ್ನೂ ಸರಿ ಹೋಗಿಲ್ಲ.

ಸಂಜೆಬಸ್ಸು

ನಿದ್ದೆಗೆ ವಾಯಿದೆ ಮುಗಿಯಲಿ ಅಂತ ಕಾಯಬೇಡಿ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಈ ವಾರವೇ ತೋರಿಸಿ. ಕೇಸು ನಡೆಯುತ್ತಿದೆ ಅಂತ ಅವರಿಗೆ ಮೊದಲೇ ಹೇಳಿ. ದಾರಿ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರನ್ನು ಸಂಪರ್ಕಿಸಿಕೊಡುತ್ತಾರೆ. ಉಚಿತ ವಕೀಲರು ಬೇಕಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100.

ಕರಿಕೋಟು

ಸಾಕ್ಷಿ ಭತ್ಯೆ ಇದೆ, ಸಾಕ್ಷಿ ಮುಗಿದ ಮೇಲೆ ಬೆಂಚ್ ಕ್ಲರ್ಕ್ ಹತ್ತಿರ ಕೇಳಿ. ಕೇಳದೆ ಕೊಡುವುದು ಅಪರೂಪ. ಹಾಜರಾತಿ ಪತ್ರವನ್ನೂ ಅಲ್ಲೇ ತೆಗೆದುಕೊಳ್ಳಿ. ಅದನ್ನು ಕ್ಲಾಸ್ ಟೀಚರ್‌ಗೆ ಕೊಟ್ಟು ಕಳಿಸಬೇಡಿ, ಅಣ್ಣನೇ ಹೋಗಿ ಹೆಡ್‌ಮಾಸ್ಟರ್ ಕೈಗೆ ಕೊಟ್ಟು ವಾಪಸ್ ತರಲಿ. ರಜಾ ಚೀಟಿಯಲ್ಲಿ "ಕುಟುಂಬದ ಕೆಲಸ" ಅಂತಿದ್ದರೆ ಸಾಕು.